ಗಡಿಯಿಂದ ಈಚೆಗಿನ ಚೆಕ್‌ಪಾಯಿಂಟ್: ಜೊತೆಯಲ್ಲಿರಬೇಕಾದ ಕಾಗದಪತ್ರ, ಆಡಬೇಕಾದ ಮಾತು

ಅಮೆರಿಕದ ದಕ್ಷಿಣದ ರಾಜ್ಯಗಳಿಗೆ ಪ್ರವಾಸ ಹೊರಡುವ ಕನ್ನಡಿಗರು ನನಗೆ ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದಿದೆ: "ನಾವು ದೇಶದೊಳಗೇ ಓಡಾಡುತ್ತೇವೆ, ಮೆಕ್ಸಿಕೋಗೆ ಕಾಲಿಡುವುದಿಲ್ಲ, ಆದರೂ ಪಾಸ್‌ಪೋರ್ಟ್ ಒಯ್ಯಬೇಕೆ?" ಒಯ್ಯಬೇಕು. ಗಡಿಗೆ ಹತ್ತಿರದ ಹೆದ್ದಾರಿಗಳಲ್ಲಿ ವಾಹನಗಳನ್ನು ನಿಲ್ಲಿಸಿ ಪೌರತ್ವ ವಿಚಾರಿಸುವ ತಪಾಸಣಾ ಕೇಂದ್ರಗಳು, ಅಂದರೆ ಚೆಕ್‌ಪಾಯಿಂಟುಗಳು, ಇವೆ. ಅವುಗಳ ಹಿನ್ನೆಲೆಯೇನು, ಪಾಸ್‌ಪೋರ್ಟಿನ ಜೊತೆಗೆ ಇನ್ನೇನು ಇರಬೇಕು, ಹಸಿರು ಸಮವಸ್ತ್ರದ ಏಜೆಂಟ್ ಕಾರಿನ ಕಿಟಕಿಯ ಬಳಿ ಬಂದು ನಿಂತಾಗ ಏನು ಹೇಳಬೇಕು ಎಂಬುದನ್ನು ಇಲ್ಲಿ ಕ್ರಮವಾಗಿ ವಿವರಿಸುತ್ತೇನೆ. ನಾನು ವಕೀಲನಲ್ಲ, ನಿಮ್ಮ ಮೇಲೆ ಎಂದಾದರೂ ಪೊಲೀಸ್ ಮೊಕದ್ದಮೆ ದಾಖಲಾಗಿದ್ದರೆ, ನಿಮ್ಮ ಸ್ಟೇಟಸ್, ಅಂದರೆ ಈ ದೇಶದಲ್ಲಿರಲು ಸಿಕ್ಕಿರುವ ಕಾನೂನುಬದ್ಧ ಸ್ಥಾನ, ನಡುವೆ ಕಡಿದುಹೋಗಿದ್ದರೆ ಅಥವಾ ವಲಸೆ ನ್ಯಾಯಾಲಯದಲ್ಲಿ ಪ್ರಕರಣವಿದ್ದರೆ, ಈ ಲೇಖನವನ್ನು ನಂಬಿ ಹೊರಡದೆ ಮೊದಲು ವಲಸೆ ವಕೀಲರೊಬ್ಬರನ್ನು ಕಾಣಿರಿ.

ಬಹುಮಂದಿ ಎಡವುವುದು ಹೋಗುವ ದಾರಿಯಲ್ಲಲ್ಲ, ಮರಳುವ ದಾರಿಯಲ್ಲಿ. ಟೆಕ್ಸಸ್‌ನ ಆಸ್ಟಿನ್ನಿನಿಂದ ಸೌತ್ ಪಾಡ್ರೆ ದ್ವೀಪದ ಕಡಲತೀರಕ್ಕೆ ಹೊರಟವರನ್ನು ದಕ್ಷಿಣಕ್ಕೆ ಸಾಗುವಾಗ ಯಾರೂ ತಡೆಯುವುದಿಲ್ಲ. ತಪಾಸಣೆ ನಡೆಯುವುದು ಸಾಮಾನ್ಯವಾಗಿ ಗಡಿಯ ಕಡೆಯಿಂದ ಒಳನಾಡಿಗೆ ಬರುವ ವಾಹನಗಳಿಗೆ ಮಾತ್ರ. ಎರಡು ದಿನ ಕಳೆದು ಹಿಂದಿರುಗುವಾಗ ಹೆದ್ದಾರಿ 77ರ ಸರೀಟಾದಲ್ಲಿಯೋ ಹೆದ್ದಾರಿ 281ರ ಫಾಲ್ಫೂರಿಯಸ್‌ನಲ್ಲಿಯೋ ಸಾಲಿನಲ್ಲಿ ನಿಂತಾಗಲೇ ಪಾಸ್‌ಪೋರ್ಟ್ ಮನೆಯ ಕಪಾಟಿನಲ್ಲಿದೆ ಎಂಬುದು ನೆನಪಿಗೆ ಬರುತ್ತದೆ, ಮನೆಯಾದರೋ ಇನ್ನೂ ಹಲವು ಗಂಟೆಗಳ ದೂರದಲ್ಲಿರುತ್ತದೆ.

ಈ ತಪಾಸಣೆಯ ಹಿನ್ನೆಲೆ

ಬಾರ್ಡರ್ ಪಟ್ರೋಲ್ ಎಂದರೆ ಗಡಿ ಗಸ್ತು ಪಡೆ. ಅದು ಸಿಬಿಪಿ ಎಂದು ಕರೆಯಲಾಗುವ ಸುಂಕ ಮತ್ತು ಗಡಿ ರಕ್ಷಣಾ ಸಂಸ್ಥೆಯ ಒಂದು ಅಂಗ. ವಿಮಾನ ನಿಲ್ದಾಣದಲ್ಲಿ ನಿಮ್ಮ ಪಾಸ್‌ಪೋರ್ಟಿಗೆ ಮುದ್ರೆ ಒತ್ತುವ ನೀಲಿ ಸಮವಸ್ತ್ರದ ಅಧಿಕಾರಿಗಳು ಅದೇ ಸಂಸ್ಥೆಯ ಬೇರೊಂದು ಅಂಗದವರು. ಗಡಿಯಿಂದ "ಸಮಂಜಸ ದೂರ"ದೊಳಗೆ ವಾರಂಟ್ ಇಲ್ಲದೆ ವಾಹನಗಳನ್ನು ಪರಿಶೀಲಿಸುವ ಅಧಿಕಾರವನ್ನು ವಲಸೆ ಕಾಯಿದೆ ಈ ಪಡೆಗೆ ಕೊಟ್ಟಿದೆ, ಮತ್ತು ಆ ದೂರವನ್ನು ನಿಯಮಾವಳಿ 100 ಮೈಲಿ ಎಂದು ನಿಗದಿಪಡಿಸಿದೆ. ಸಮುದ್ರ ತೀರವನ್ನೂ ಗಡಿಯೆಂದೇ ಎಣಿಸಲಾಗುತ್ತದೆ.

ಇದರರ್ಥ ಏಜೆಂಟರು ಮನಬಂದಂತೆ ನಡೆದುಕೊಳ್ಳಬಹುದು ಎಂದಲ್ಲ. ಸ್ಥಿರವಾದ ಚೆಕ್‌ಪಾಯಿಂಟಿನಲ್ಲಿ ಯಾವ ಅನುಮಾನವೂ ಇಲ್ಲದೆ ಪ್ರತಿ ವಾಹನವನ್ನೂ ತುಸು ಹೊತ್ತು ನಿಲ್ಲಿಸಿ ಪೌರತ್ವದ ಬಗ್ಗೆ ಪ್ರಶ್ನೆ ಕೇಳಬಹುದು ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1976ರ ಮಾರ್ಟಿನೆಜ್-ಫುಯೆರ್ಟೆ ಪ್ರಕರಣದಲ್ಲಿ ತೀರ್ಪಿತ್ತಿತು. ಮೇಲೆ ಹೇಳಿದ ಸರೀಟಾ ಮತ್ತು ಕ್ಯಾಲಿಫೋರ್ನಿಯಾದ ಸ್ಯಾನ್ ಕ್ಲಿಮೆಂಟೆ ಚೆಕ್‌ಪಾಯಿಂಟುಗಳೇ ಆ ಪ್ರಕರಣದ ಕೇಂದ್ರದಲ್ಲಿದ್ದವು. ಆದರೆ ವಾಹನವನ್ನು ಶೋಧಿಸಬೇಕಾದರೆ ನಿಮ್ಮ ಒಪ್ಪಿಗೆ ಇರಬೇಕು, ಇಲ್ಲವೇ ಅಪರಾಧ ನಡೆದಿದೆ ಎಂದು ನಂಬಲು ಗಟ್ಟಿ ಆಧಾರವಿರಬೇಕು ಎಂದು ಅದೇ ನ್ಯಾಯಾಲಯ ಅದಕ್ಕೂ ಒಂದು ವರ್ಷ ಮೊದಲು, 1975ರ ಓರ್ಟಿಜ್ ಪ್ರಕರಣದಲ್ಲಿ ಹೇಳಿತ್ತು. ಪ್ರಶ್ನೆ ಕೇಳುವುದು ಬೇರೆ, ಶೋಧಿಸುವುದು ಬೇರೆ. ಈ ವ್ಯತ್ಯಾಸ ನಿಮ್ಮ ಮನಸ್ಸಿನಲ್ಲಿ ಸ್ಪಷ್ಟವಾಗಿರಲಿ.

ಇನ್ನು ಕಾಗದಪತ್ರದ ವಿಷಯ. ವಲಸೆ ಮತ್ತು ರಾಷ್ಟ್ರೀಯತಾ ಕಾಯಿದೆಯ 264ನೇ ಸೆಕ್ಷನ್ನಿನ ಪ್ರಕಾರ, 18 ವರ್ಷ ತುಂಬಿದ ಪ್ರತಿಯೊಬ್ಬ ವಿದೇಶೀಯನೂ ಸರ್ಕಾರದಲ್ಲಿ ತನ್ನ ಹೆಸರು ನೋಂದಣಿಯಾಗಿರುವುದರ ಪುರಾವೆಯನ್ನು (ಯಾವ ದಾಖಲೆಗಳು ಎಂಬುದು ಹಂತ 2ರಲ್ಲಿದೆ) ಎಲ್ಲ ಹೊತ್ತಿನಲ್ಲಿಯೂ ತನ್ನ ಬಳಿಯೇ ಇಟ್ಟುಕೊಂಡಿರಬೇಕು. ಇಲ್ಲಿ ವಿದೇಶೀಯ ಎಂದರೆ ಅಮೆರಿಕದ ಪ್ರಜೆಯಲ್ಲದವರೆಲ್ಲರೂ. ಇಪ್ಪತ್ತು ವರ್ಷಗಳಿಂದ ಗ್ರೀನ್ ಕಾರ್ಡ್, ಅಂದರೆ ಖಾಯಂ ನಿವಾಸದ ಕಾರ್ಡ್, ಹೊಂದಿರುವವರೂ ಅದರಲ್ಲಿ ಸೇರುತ್ತಾರೆ. ತಪ್ಪಿದರೆ ದಂಡವೂ 30 ದಿನಗಳವರೆಗಿನ ಸೆರೆಯೂ ಆಗಬಹುದು. 1952ರಿಂದಲೂ ಇರುವ ಈ ನಿಯಮವನ್ನು ದಶಕಗಳ ಕಾಲ ಯಾರೂ ಅಷ್ಟಾಗಿ ಹಚ್ಚಿಕೊಂಡಿರಲಿಲ್ಲ. 2025ರ ಜನವರಿಯ ಅಧ್ಯಕ್ಷೀಯ ಆದೇಶದ ಬಳಿಕ, ಆ ವರ್ಷದ ಏಪ್ರಿಲ್ 11ರಿಂದ ಹೊಸ ನೋಂದಣಿ ನಿಯಮ ಜಾರಿಗೆ ಬಂದ ಮೇಲೆ, ಅದನ್ನು ಕಟ್ಟುನಿಟ್ಟಾಗಿ ಜಾರಿಗೊಳಿಸುವುದಾಗಿ ಸರ್ಕಾರ ಹೇಳಿದೆ. "ಹತ್ತು ವರ್ಷದಿಂದ ಓಡಾಡುತ್ತಿದ್ದೇನೆ, ಒಬ್ಬರೂ ಕೇಳಿಲ್ಲ" ಎಂಬ ಅನುಭವವನ್ನು ಇನ್ನು ನೆಚ್ಚಿಕೊಳ್ಳಬೇಡಿ.

ಹಂತ 1: ದಾರಿಯಲ್ಲಿ ಚೆಕ್‌ಪಾಯಿಂಟ್ ಇದೆಯೇ ಎಂದು ನೋಡಿಕೊಳ್ಳಿ

ನೂರಕ್ಕೂ ಹೆಚ್ಚು ಚೆಕ್‌ಪಾಯಿಂಟುಗಳಿವೆ. ಕೆಲವು ಶಾಶ್ವತ ಕಟ್ಟಡಗಳು, ಕೆಲವು ರಸ್ತೆಯಲ್ಲಿ ಕೋನ್‌ಗಳನ್ನಿಟ್ಟು ಕೆಲವು ದಿನ ಮಾತ್ರ ನಡೆಸುವಂಥವು. ನಮ್ಮವರು ಹೆಚ್ಚಾಗಿ ಹೋಗುವ ದಾರಿಗಳನ್ನಷ್ಟೇ ಹೇಳುತ್ತೇನೆ.

ಬಿಗ್ ಬೆಂಡ್ ರಾಷ್ಟ್ರೀಯ ಉದ್ಯಾನವನದಿಂದ ಉತ್ತರಕ್ಕೆ ಬರುವಾಗ ಮ್ಯಾರಥಾನ್ ಕಡೆಯ ಹೆದ್ದಾರಿ 385ರಲ್ಲಿಯೂ ಆಲ್ಪೈನ್ ಕಡೆಯ ಹೆದ್ದಾರಿ 118ರಲ್ಲಿಯೂ ಚೆಕ್‌ಪಾಯಿಂಟ್ ಸಿಗುತ್ತದೆ. ಎಲ್ ಪಾಸೊದಿಂದ ಪೂರ್ವಕ್ಕೆ ಐ-10 ಎಂಬ ಅಂತರರಾಜ್ಯ ಹೆದ್ದಾರಿಯಲ್ಲಿ ಬಂದರೆ ಸಿಯೆರಾ ಬ್ಲಾಂಕಾ (ಈ ಹಂತದಲ್ಲಿ "ಐ-" ಎಂದರೆ ಅಂತರರಾಜ್ಯ ಹೆದ್ದಾರಿ; ಮುಂದಿನ ಹಂತಗಳಲ್ಲಿ ಅದು ವಲಸೆ ಅರ್ಜಿ, ದಾಖಲೆಗಳ ಸಂಖ್ಯೆ). ಕಾರ್ಲ್ಸ್‌ಬ್ಯಾಡ್ ಗುಹೆಗಳ ಕಡೆಗೆ ಹೊರಟರೆ ಹೆದ್ದಾರಿ 62/180ರ ಮೇಲೊಂದು. ವೈಟ್ ಸ್ಯಾಂಡ್ಸ್‌ನ ಬಿಳಿ ಮರಳುದಿಬ್ಬಗಳನ್ನು ನೋಡಿ ಲಾಸ್ ಕ್ರೂಸೆಸ್ ಕಡೆಗೆ ಹಿಂದಿರುಗುವವರಿಗೆ ಹೆದ್ದಾರಿ 70ರಲ್ಲಿ ಒಂದು, ಲಾಸ್ ಕ್ರೂಸೆಸ್‌ನಿಂದ ಉತ್ತರಕ್ಕೆ ಐ-25ರಲ್ಲಿ ಮತ್ತೊಂದು, ಪಶ್ಚಿಮಕ್ಕೆ ಐ-10ರಲ್ಲಿ ಇನ್ನೊಂದು. ಲರೇಡೊದಿಂದ ಸ್ಯಾನ್ ಆಂಟೋನಿಯೊಗೆ ಬರುವ ಐ-35, ಅರಿಜೋನಾದ ನೊಗಾಲೆಸ್‌ನಿಂದ ಟೂಸಾನ್‌ಗೆ ಬರುವ ಐ-19, ಕ್ಯಾಲಿಫೋರ್ನಿಯಾದಲ್ಲಿ ಸ್ಯಾನ್ ಡಿಯಾಗೊದಿಂದ ಉತ್ತರಕ್ಕೆ ಸಾಗುವ ಐ-5 ಮತ್ತು ಐ-15 ಇವುಗಳಲ್ಲಿಯೂ ಇವೆ. ಲಾಸ್ ಕ್ರೂಸೆಸ್, ಎಲ್ ಪಾಸೊ, ಎಡಿನ್‌ಬರ್ಗ್‌ನಂಥ ಊರುಗಳ ವಿಶ್ವವಿದ್ಯಾಲಯಗಳಿಗೆ ಓದಲು ಬಂದ ವಿದ್ಯಾರ್ಥಿಗಳಿಗೆ ಇದು ಪ್ರವಾಸದ ಪ್ರಶ್ನೆಯೂ ಅಲ್ಲ. ಊರು ಬಿಟ್ಟು ಬೇರೆ ಕಡೆ ಹೋಗುವಾಗಲೆಲ್ಲ ದಾಟಬೇಕಾದ ಜಾಗ. ಉತ್ತರದ ನ್ಯೂ ಹ್ಯಾಂಪ್‌ಶೈರ್‌ನಲ್ಲಿಯೂ ಐ-93ರ ಮೇಲೆ ತಾತ್ಕಾಲಿಕ ಚೆಕ್‌ಪಾಯಿಂಟ್ ಹಾಕಿದ್ದುಂಟು.

ಕ್ಯಾಲಿಫೋರ್ನಿಯಾವನ್ನು ಪೂರ್ವದಿಂದ ಪ್ರವೇಶಿಸುವಾಗ ಹಣ್ಣು-ತರಕಾರಿಗಳ ಬಗ್ಗೆ ಕೇಳುವ ಕೇಂದ್ರ ರಾಜ್ಯದ ಕೃಷಿ ಇಲಾಖೆಯದು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ; ಎರಡನ್ನೂ ಬೆರೆಸಿಕೊಂಡು ಗಾಬರಿಯಾಗಬೇಡಿ.

ಹಂತ 2: ಪ್ರತಿಯೊಬ್ಬರ ಕಾಗದವನ್ನೂ ಬೇರೆಬೇರೆಯಾಗಿ ಜೋಡಿಸಿ

ಈ ಹಂತಕ್ಕೆ ಒಂದು ಸಂಜೆಯನ್ನೇ ಮೀಸಲಿಡಿ. ನಮ್ಮ ಮನೆಗಳಲ್ಲಿ ಒಂದೇ ಕಾರಿನಲ್ಲಿ ನಾಲ್ಕು ಬಗೆಯ ಸ್ಟೇಟಸ್ ಇರುವುದು ಸಾಮಾನ್ಯ: ಗಂಡನಿಗೆ ಎಚ್-1ಬಿ ಎಂಬ ಕೆಲಸದ ವೀಸಾ, ಹೆಂಡತಿಗೆ ಅವನ ಅವಲಂಬಿತಳಾಗಿ ಎಚ್-4, ಇಲ್ಲೇ ಹುಟ್ಟಿದ ಮಗಳಿಗೆ ಅಮೆರಿಕದ ಪೌರತ್ವ, ಊರಿನಿಂದ ಬಂದ ಅತ್ತೆಗೆ ಸಂದರ್ಶಕರ ವೀಸಾ. ಒಬ್ಬರ ಕಾಗದ ಇನ್ನೊಬ್ಬರನ್ನು ಕಾಯುವುದಿಲ್ಲ.

ಗ್ರೀನ್ ಕಾರ್ಡ್ ಇರುವವರು ಮೂಲ ಕಾರ್ಡನ್ನೇ ಒಯ್ಯಬೇಕು. ಮೊಬೈಲಿನಲ್ಲಿರುವ ಚಿತ್ರವಾಗಲಿ ಜೆರಾಕ್ಸ್ ಪ್ರತಿಯಾಗಲಿ ಕಾಯಿದೆಯ ಷರತ್ತನ್ನು ಪೂರೈಸುವುದಿಲ್ಲ. "ಕಳೆದುಹೋದರೆ ಕಷ್ಟ" ಎಂದು ಬ್ಯಾಂಕಿನ ಲಾಕರಿನಲ್ಲಿಟ್ಟು ನಕಲನ್ನು ಜೇಬಿನಲ್ಲಿಟ್ಟುಕೊಳ್ಳುವವರನ್ನು ಬಹಳ ಕಂಡಿದ್ದೇನೆ. ಆ ಎಚ್ಚರಿಕೆ ಅರ್ಥವಾಗುತ್ತದೆ, ಆದರೆ ಕಾಯಿದೆ ಕೇಳುವುದು ಅದಕ್ಕೆ ತದ್ವಿರುದ್ಧ. ಕಾರ್ಡಿನ ಅವಧಿ ಮುಗಿದಿದ್ದರೆ ಖಾಯಂ ನಿವಾಸದ ಹಕ್ಕು ಮುಗಿದಂತಲ್ಲ. ನವೀಕರಣಕ್ಕೆ ಐ-90 ಅರ್ಜಿ ಸಲ್ಲಿಸಿದಾಗ ಬರುವ ರಸೀದಿ ಪತ್ರದಲ್ಲಿ ಕಾರ್ಡಿನ ಮಾನ್ಯತೆಯನ್ನು ಎಷ್ಟು ಕಾಲ ವಿಸ್ತರಿಸಲಾಗಿದೆ ಎಂಬುದು ಮುದ್ರಿತವಾಗಿರುತ್ತದೆ. ಹಳೆಯ ಕಾರ್ಡ್ ಮತ್ತು ಆ ಮೂಲ ಪತ್ರ ಎರಡೂ ಒಟ್ಟಿಗಿರಲಿ. ಮದುವೆಯ ಆಧಾರದ ಮೇಲೆ ಎರಡು ವರ್ಷದ ಷರತ್ತಿನ ಕಾರ್ಡ್ ಪಡೆದು, ಷರತ್ತು ತೆಗೆಸಲು ಐ-751 ಅರ್ಜಿ ಸಲ್ಲಿಸಿದವರಿಗೂ ಇದೇ ಮಾತು. ಹೊಸದಾಗಿ ವಲಸೆ ವೀಸಾದ ಮೇಲೆ ಬಂದು ಕಾರ್ಡಿಗಾಗಿ ಕಾಯುತ್ತಿರುವವರಿಗೆ, ಪ್ರವೇಶದ ಮುದ್ರೆ ಬಿದ್ದಿರುವ ಆ ವೀಸಾ ಪುಟವೇ ಒಂದು ವರ್ಷದವರೆಗೆ ಗ್ರೀನ್ ಕಾರ್ಡಿನ ಸ್ಥಾನದಲ್ಲಿರುತ್ತದೆ, ಪಾಸ್‌ಪೋರ್ಟನ್ನು ಕೈಬಿಡಬೇಡಿ.

ವೀಸಾದ ಮೇಲಿರುವವರಿಗೆ ಮುಖ್ಯವಾದದ್ದು ಐ-94. ದೇಶದೊಳಗೆ ಯಾವಾಗ, ಯಾವ ವರ್ಗದಲ್ಲಿ ಬಂದಿರಿ, ಎಲ್ಲಿಯವರೆಗೆ ಇರಬಹುದು ಎಂಬುದರ ದಾಖಲೆ ಅದು. ಪಾಸ್‌ಪೋರ್ಟಿನಲ್ಲಿ ಅಂಟಿಸಿರುವ ವೀಸಾ ದೇಶದ ಬಾಗಿಲು ತಟ್ಟಲು ಬೇಕಾದ ಅನುಮತಿ ಮಾತ್ರ; ಒಳಗೆ ಬಂದ ಮೇಲೆ ಎಣಿಕೆಗೆ ಬರುವುದು ಐ-94. ವೀಸಾದ ಅವಧಿ ಮುಗಿದಿದ್ದರೂ ಐ-94 ಚಾಲ್ತಿಯಲ್ಲಿದ್ದರೆ ನೀವು ನ್ಯಾಯಬದ್ಧವಾಗಿಯೇ ಇಲ್ಲಿದ್ದೀರಿ. ವೀಸಾಗೆ ಇನ್ನೂ ಐದು ವರ್ಷವಿದ್ದರೂ ಐ-94 ಮುಗಿದಿದ್ದರೆ ಇಲ್ಲ. ಸಿಬಿಪಿಯ ಅಧಿಕೃತ ಜಾಲತಾಣದಲ್ಲಿ ಇದನ್ನು ಯಾವ ಶುಲ್ಕವೂ ಇಲ್ಲದೆ ಪಡೆಯಬಹುದು. ಹಣ ಕೇಳುವ ತಾಣ ಸಿಕ್ಕಿದರೆ ಅದು ಸರ್ಕಾರದ್ದಲ್ಲ. ಕಾಗದದ ಮೇಲೆ ಮುದ್ರಿಸಿಕೊಳ್ಳಿ, ಮತ್ತು ಮುದ್ರಿಸುವ ಮುನ್ನ ಅದರಲ್ಲಿರುವ ಕೊನೆಯ ದಿನಾಂಕವನ್ನು ನಿಮ್ಮ ಕಣ್ಣಾರೆ ಓದಿ, ಏಕೆಂದರೆ ಪಾಸ್‌ಪೋರ್ಟ್ ಬೇಗ ಮುಗಿಯುವಂತಿದ್ದರೆ ವಿಮಾನ ನಿಲ್ದಾಣದ ಅಧಿಕಾರಿ ಐ-94ನ್ನು ಕೂಡ ಆ ದಿನಕ್ಕೇ ಸೀಮಿತಗೊಳಿಸಿರಬಹುದು. ಎಚ್-1ಬಿ ಅನುಮೋದನೆ ಇನ್ನೂ ಎರಡು ವರ್ಷವಿದೆ ಎಂಬ ಧೈರ್ಯದಲ್ಲಿ ಇದನ್ನು ಗಮನಿಸದೆ ಅವಧಿ ಮೀರಿ ಉಳಿದವರಿದ್ದಾರೆ.

ಇಲ್ಲೇ ಇದ್ದು ಎಚ್-1ಬಿ ವಿಸ್ತರಣೆಯನ್ನೋ ಕಂಪನಿ ಬದಲಾವಣೆಯನ್ನೋ ಮಾಡಿಕೊಂಡವರ ಹೊಸ ಐ-94 ಜಾಲತಾಣದಲ್ಲಿ ಸಿಗದೆ, ಐ-797ಎ ಎಂಬ ಅನುಮೋದನಾ ಪತ್ರದ ಕೆಳಭಾಗದಲ್ಲಿ ಇರುತ್ತದೆ. ಆ ಪತ್ರದ ಮೂಲ ಕಂಪನಿಗೋ ಕಂಪನಿಯ ವಕೀಲರಿಗೋ ಹೋಗುತ್ತದೆ, ನಿಮಗೆ ಸ್ಕ್ಯಾನ್ ಪ್ರತಿ ಮಾತ್ರ ಬಂದಿರುತ್ತದೆ. ಕೆಳಗಿನ ಐ-94 ತುಂಡು ನಿಮಗೆ ಸೇರಬೇಕಾದದ್ದು. ಕೇಳಿ ಅಂಚೆಯಲ್ಲಿ ತರಿಸಿಕೊಳ್ಳಿ. ಹೆಂಡತಿ ಮಕ್ಕಳ ಎಚ್-4 ವಿಸ್ತರಣೆಗೆ ಬೇರೆಯದೇ ಅನುಮೋದನಾ ಪತ್ರ ಬರುತ್ತದೆ; ಗಂಡನ ಪತ್ರವೊಂದೇ ಸಾಕು ಎಂದುಕೊಳ್ಳುವುದು ನಾನು ಕಂಡ ತಪ್ಪುಗಳಲ್ಲಿ ಅತ್ಯಂತ ಸಾಮಾನ್ಯವಾದದ್ದು. ವಿಸ್ತರಣೆಯ ಅರ್ಜಿ ಇನ್ನೂ ತೀರ್ಮಾನವಾಗಿಲ್ಲದಿದ್ದರೆ ಹಳೆಯ ಐ-94, ಅರ್ಜಿಯ ರಸೀದಿ ಪತ್ರ ಇವೆರಡನ್ನೂ ಸೇರಿಸಿ.

ಎಫ್-1 ಎಂಬ ವಿದ್ಯಾರ್ಥಿ ವೀಸಾದವರು ಪಾಸ್‌ಪೋರ್ಟ್, ಮುದ್ರಿತ ಐ-94 ಮತ್ತು ಓದಿನ ಅವಧಿಯನ್ನು ತಿಳಿಸುವ, ಕಾಲೇಜು ಕೊಟ್ಟ ಐ-20 ಪತ್ರ ಮೂರನ್ನೂ ಒಯ್ಯಬೇಕು. ನಿಮ್ಮ ಐ-94ರಲ್ಲಿ ದಿನಾಂಕದ ಬದಲು "ಡಿ/ಎಸ್" ಎಂದಿದ್ದರೆ ಗಾಬರಿ ಬೇಡ. ವಿದ್ಯಾರ್ಥಿ ಸ್ಟೇಟಸ್ ಇರುವಷ್ಟು ಕಾಲ ಇರಬಹುದು ಎಂದು ಅದರ ಅರ್ಥ, ಮತ್ತು ಆ ಕಾಲ ಎಷ್ಟೆಂಬುದನ್ನು ಐ-20 ತೋರಿಸುತ್ತದೆ. ಐ-20 ಮಾತ್ರ ಇದ್ದರೆ ಸಾಲದು, ಏಕೆಂದರೆ ನಿಯಮಾವಳಿಯಲ್ಲಿರುವ ನೋಂದಣಿಯ ಪುರಾವೆಗಳ ಪಟ್ಟಿಯಲ್ಲಿ ಅದು ಇಲ್ಲ.

ಇ.ಎ.ಡಿ. ಎಂಬ ಕೆಲಸದ ಅನುಮತಿ ಕಾರ್ಡ್, ಅಂದರೆ ಐ-766, ಆ ಪಟ್ಟಿಯಲ್ಲಿದೆ. ಓಪಿಟಿಯಲ್ಲಿರುವವರಿಗೆ (ಎಫ್-1 ವಿದ್ಯಾರ್ಥಿಗಳಿಗೆ ಓದಿಗೆ ಸಂಬಂಧಿಸಿದ ಕೆಲಸಕ್ಕಿರುವ ತಾತ್ಕಾಲಿಕ ಅನುಮತಿ), ಎಚ್-4 ಇ.ಎ.ಡಿ. ಇರುವವರಿಗೆ, ಗ್ರೀನ್ ಕಾರ್ಡ್ ಅರ್ಜಿ ಬಾಕಿಯಿರುವವರಿಗೆ ಜೇಬಿನಲ್ಲಿ ಇಟ್ಟುಕೊಳ್ಳಲು ಇದಕ್ಕಿಂತ ಅನುಕೂಲವಾದದ್ದಿಲ್ಲ: ಫೋಟೋ ಇದೆ, ಗಟ್ಟಿಯಾದ ಕಾರ್ಡು, ಕಾಯಿದೆಗೂ ಸಾಕು. ಒಂದು ಎಚ್ಚರಿಕೆ: 2025ರ ಅಕ್ಟೋಬರ್ 30ರಂದು ಅಥವಾ ಆಮೇಲೆ ಸಲ್ಲಿಸಿದ ನವೀಕರಣ ಅರ್ಜಿಗಳಿಗೆ ಹಿಂದಿನಂತೆ 540 ದಿನಗಳ ತಾನೇ ತಾನಾದ ವಿಸ್ತರಣೆ ಸಿಗುವುದಿಲ್ಲ. ಕಾರ್ಡಿನ ಮೇಲಿನ ದಿನಾಂಕವನ್ನೇ ನಂಬಿ.

ಡ್ರೈವಿಂಗ್ ಲೈಸೆನ್ಸ್, ಅದರ ಮೇಲೆ ರಿಯಲ್ ಐಡಿಯ ನಕ್ಷತ್ರವಿದ್ದರೂ, ಈ ಕೆಲಸಕ್ಕೆ ಬರುವುದಿಲ್ಲ. ಸೋಷಿಯಲ್ ಸೆಕ್ಯುರಿಟಿ ಕಾರ್ಡ್, ಕಂಪನಿಯ ಗುರುತಿನ ಚೀಟಿ, ಒಸಿಐ ಕಾರ್ಡ್ ಯಾವುದೂ ಅಲ್ಲ. ಒಸಿಐ ಭಾರತ ಸರ್ಕಾರ ಕೊಡುವ ದಾಖಲೆ. ಅಮೆರಿಕದಲ್ಲಿ ನೀವು ಯಾರು ಎಂಬುದರ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಅಮೆರಿಕದ ಪೌರತ್ವ ಪಡೆದವರು ಯಾವ ಪುರಾವೆಯನ್ನೂ ಒಯ್ಯಬೇಕೆಂಬ ಕಾಯಿದೆಯಿಲ್ಲ. ಆದರೂ ಪರ್ಸಿನಲ್ಲಿ ಹಿಡಿಸುವ ಪಾಸ್‌ಪೋರ್ಟ್ ಕಾರ್ಡನ್ನು ಮಾಡಿಸಿಕೊಳ್ಳಿ ಎಂಬುದು ನನ್ನ ಸಲಹೆ. ನಮ್ಮ ಮೈಬಣ್ಣ ಮತ್ತು ಉಚ್ಚಾರಣೆಯಿಂದಾಗಿ ಬಾಯಿಮಾತು ಎಲ್ಲ ಬಾರಿಯೂ ಸಾಕಾಗುತ್ತದೆಂಬ ಭರವಸೆ ನನಗಿಲ್ಲ. ಇಲ್ಲಿ ಹುಟ್ಟಿದ ಮಕ್ಕಳ ಅಮೆರಿಕನ್ ಪಾಸ್‌ಪೋರ್ಟನ್ನೋ ಜನನ ಪ್ರಮಾಣಪತ್ರದ ಪ್ರತಿಯನ್ನೋ ಇಟ್ಟುಕೊಳ್ಳಿ.

ಊರಿನಿಂದ ಬಂದ ಅಪ್ಪ ಅಮ್ಮಂದಿರ ಪಾಸ್‌ಪೋರ್ಟ್ ಮತ್ತು ಮುದ್ರಿತ ಐ-94 ಅವರ ಬಳಿಯೇ ಇರಲಿ. ಮಗ ಸೊಸೆಯ ಕಾಗದಗಳೆಲ್ಲ ಸರಿಯಿದ್ದು ಹಿರಿಯರದ್ದೇ ಮನೆಯಲ್ಲಿ ಉಳಿದುಬಿಡುವುದುಂಟು.

ಹೆಸರಿನ ತೊಡಕು ನಮ್ಮವರಿಗೆ ವಿಶೇಷವಾದದ್ದು. ತಂದೆಯ ಹೆಸರಿನ ಇನಿಷಿಯಲ್ ಮಾತ್ರ ಇರುವವರಿಗೆ, ಪಾಸ್‌ಪೋರ್ಟಿನ ಉಪನಾಮದ ಜಾಗ ಖಾಲಿಯಿರುವವರಿಗೆ, ಅಮೆರಿಕದ ವೀಸಾದಲ್ಲಿ ಇಡೀ ಹೆಸರು ಉಪನಾಮದ ಜಾಗಕ್ಕೆ ಹೋಗಿ, ಮೊದಲ ಹೆಸರಿನ ಜಾಗದಲ್ಲಿ "ಎಫ್‌ಎನ್‌ಯು" ಎಂದು ಬಿದ್ದಿರುತ್ತದೆ. ಮೊದಲ ಹೆಸರು ತಿಳಿದಿಲ್ಲ ಎಂದು ಅದರ ಅರ್ಥ. ಲೈಸೆನ್ಸಿನಲ್ಲಿ ಒಂದು, ಐ-94ರಲ್ಲಿ ಇನ್ನೊಂದು ಬಗೆಯಿದ್ದರೆ ಏಜೆಂಟ್ ಗೊಂದಲಕ್ಕೀಡಾಗುವುದು ಸಹಜ. ಇಂಥವರು ಐ-94ನ್ನು ಒಂಟಿಯಾಗಿ ತೋರಿಸದೆ ಪಾಸ್‌ಪೋರ್ಟಿನ ಜೊತೆಯಲ್ಲೇ ಕೊಡಬೇಕು.

ಹಂತ 3: ಪ್ರಯಾಣದ ಹಿಂದಿನ ದಿನ

ಮೂಲ ದಾಖಲೆಗಳನ್ನು ಪ್ರತಿಯೊಬ್ಬ ವಯಸ್ಕರೂ ತಮ್ಮ ಮೈಮೇಲಿನ ಚೀಲದಲ್ಲಿ ಇಟ್ಟುಕೊಳ್ಳಲಿ. ಕಾರಿನ ಡಿಕ್ಕಿಯಲ್ಲಿ ಸೂಟ್‌ಕೇಸುಗಳ ಅಡಿಗೆ ಸೇರಿಸಬೇಡಿ, ರಾತ್ರಿ ಕಾರಿನಲ್ಲಿಯೇ ಬಿಡಬೇಡಿ. ಎಲ್ಲದರ ಸ್ಕ್ಯಾನ್ ಪ್ರತಿಗಳನ್ನು ಫೋನಿನೊಳಗೇ ಉಳಿಸಿಕೊಳ್ಳಿ. ಬಿಗ್ ಬೆಂಡ್ ಸುತ್ತಮುತ್ತ ಬಹಳ ದೂರದವರೆಗೆ ಸಿಗ್ನಲ್ ಸಿಗುವುದಿಲ್ಲವಾದ್ದರಿಂದ ಇಂಟರ್ನೆಟ್ಟಿನಲ್ಲಿಟ್ಟ ಪ್ರತಿ ಅಲ್ಲಿ ಕೆಲಸಕ್ಕೆ ಬಾರದು. ಈ ಪ್ರತಿಗಳು ಮೂಲ ಕಳೆದಾಗ ನೆರವಾಗಲೆಂದೇ ಹೊರತು ಮೂಲದ ಬದಲಿಗಲ್ಲ. ವಕೀಲರ ಮತ್ತು ಹತ್ತಿರದವರೊಬ್ಬರ ಫೋನ್ ಸಂಖ್ಯೆಯನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಎ-ನಂಬರ್ ಎಂಬ ವಲಸೆ ಕಡತದ ಸಂಖ್ಯೆ ನಿಮಗಿದ್ದರೆ ಅದನ್ನು ಮನೆಯವರೊಬ್ಬರಿಗೆ ತಿಳಿಸಿಡಿ. ಯಾರನ್ನಾದರೂ ಬಂಧನದಲ್ಲಿಟ್ಟರೆ ಹುಡುಕಲು ಅದೇ ಬೇಕಾಗುತ್ತದೆ.

ಕಾರಿನಲ್ಲಿ ಗಾಂಜಾ ಇರಕೂಡದು, ಗಾಂಜಾ ಬೆರೆಸಿದ ಚಾಕಲೇಟು ಮಿಠಾಯಿಗಳೂ ಇರಕೂಡದು. ಕ್ಯಾಲಿಫೋರ್ನಿಯಾ, ಅರಿಜೋನಾ, ನ್ಯೂ ಮೆಕ್ಸಿಕೋ ಈ ಮೂರೂ ರಾಜ್ಯಗಳಲ್ಲಿ ಅಂಗಡಿಯಲ್ಲೇ ಮಾರುತ್ತಾರೆ, ರಾಜ್ಯದ ಕಾಯಿದೆಗೆ ಅದು ತಪ್ಪಲ್ಲ. ಆದರೆ ಚೆಕ್‌ಪಾಯಿಂಟಿನಲ್ಲಿ ನಡೆಯುವುದು ಕೇಂದ್ರದ ಕಾಯಿದೆ, ಅಲ್ಲಿ ನಾಯಿಗಳಿರುತ್ತವೆ, ಮತ್ತು ವಲಸೆ ಕಾಯಿದೆಯ ಮಟ್ಟಿಗೆ ಗಾಂಜಾ ಇಂದಿಗೂ ಮಾದಕ ವಸ್ತು. ಪ್ರಜೆಗಳಲ್ಲದವರು ಅದನ್ನು ಹೊಂದಿದ್ದೆನೆಂದು ಒಪ್ಪಿಕೊಂಡರೂ ಗ್ರೀನ್ ಕಾರ್ಡಿಗೆ, ಮರುಪ್ರವೇಶಕ್ಕೆ ಕುತ್ತು ಬರಬಹುದು. ಜೊತೆಯಲ್ಲಿ ಬರುವ ಸ್ನೇಹಿತರ ಚೀಲದ ಬಗ್ಗೆಯೂ ಮುಂಚಿತವಾಗಿ ನೇರವಾಗಿ ಕೇಳಿ. ಸಂಕೋಚಪಡುವ ವಿಷಯ ಇದಲ್ಲ.

ಊರಿನಿಂದ ತಂದ ಔಷಧಿಗಳನ್ನು ಅವುಗಳ ಮೂಲ ಪೊಟ್ಟಣದಲ್ಲೇ, ವೈದ್ಯರ ಚೀಟಿಯೊಂದಿಗೆ ಇಡಿ.

ಹಂತ 4: ಕಿಟಕಿಯ ಬಳಿ

ಫಲಕಗಳು ಕಾಣಿಸಿದೊಡನೆ ವೇಗ ತಗ್ಗಿಸಿ, ಸೂಚಿಸಿದ ಸಾಲಿಗೆ ಬನ್ನಿ, ಕಿಟಕಿಗಳನ್ನು ಇಳಿಸಿ, ಒಳಗಿನ ದೀಪ ಹಾಕಿ, ಸಂಗೀತ ನಿಲ್ಲಿಸಿ. ಚೆಕ್‌ಪಾಯಿಂಟ್ ಕಂಡು ಹಠಾತ್ತನೆ ತಿರುಗಿಸಿಕೊಂಡು ಹಿಂದಕ್ಕೆ ಹೋಗುವುದು ಅನುಮಾನವನ್ನು ಆಹ್ವಾನಿಸಿದಂತೆ. ನಿಲ್ಲಿಸದೆ ಅತಿವೇಗದಲ್ಲಿ ದಾಟಿ ಓಡುವುದು ಪ್ರತ್ಯೇಕವಾದ ಗಂಭೀರ ಅಪರಾಧ.

ಏಜೆಂಟ್ ಬಾಗಿ ಕೇಳುವುದು ಸಾಮಾನ್ಯವಾಗಿ ಎರಡೇ ಪದ, "ಯು.ಎಸ್. ಸಿಟಿಜನ್ಸ್?" ಪ್ರಶ್ನೆ ಇಡೀ ಕಾರಿಗೆ, ಅವಸರದಲ್ಲಿ, ಸದ್ದಿನ ನಡುವೆ ಬರುತ್ತದೆ. ಈ ಲೇಖನದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಪ್ರಜೆಯಲ್ಲದವರು ಈ ಪ್ರಶ್ನೆಗೆ ಎಂದಿಗೂ "ಎಸ್" ಎನ್ನಬಾರದು. ಅಮೆರಿಕದ ಪ್ರಜೆ ಎಂದು ಸುಳ್ಳಾಗಿ ಹೇಳಿಕೊಳ್ಳುವುದು ಅಪರಾಧವೂ ಹೌದು, ಗಡೀಪಾರಿಗೂ ಶಾಶ್ವತ ಪ್ರವೇಶ ನಿರಾಕರಣೆಗೂ ಕಾರಣವೂ ಹೌದು. ವಲಸೆ ಕಾಯಿದೆಯ ಬಹುತೇಕ ತಪ್ಪುಗಳಿಗೆ ಇರುವಂಥ ಮನ್ನಾ ಅರ್ಜಿಯ ದಾರಿ ಗ್ರೀನ್ ಕಾರ್ಡ್ ಬಯಸುವವರಿಗೆ ಇದಕ್ಕೆ ಇಲ್ಲ. ಇದನ್ನು ಯಾರೂ ಬೇಕೆಂದು ಮಾಡುವುದಿಲ್ಲ. ಪ್ರಶ್ನೆ ಪೂರ್ತಿ ಕೇಳಿಸದೆ ತಲೆಯಾಡಿಸಿಬಿಡುತ್ತೇವೆ. ನಮ್ಮಲ್ಲಿ ತಲೆಯಾಡಿಸುವುದಕ್ಕೆ "ಕೇಳಿಸಿತು" ಎಂಬ ಅರ್ಥವೂ ಇದೆ, ಇಲ್ಲಿ ಅದಕ್ಕೆ "ಹೌದು" ಎಂಬ ಅರ್ಥ ಮಾತ್ರ. ಹಿರಿಯರು ಮಾತಿಗೆ ಮಾತಿಗೆ ಹಾಕುವ "ಹಾಂ", "ಹೂಂ" ಕೂಡ ಏಜೆಂಟನ ಕಿವಿಗೆ ಒಪ್ಪಿಗೆಯಾಗಿಯೇ ಬೀಳುತ್ತದೆ. ಆದ್ದರಿಂದ ಪ್ರಶ್ನೆ ಸರಿಯಾಗಿ ಕೇಳಿಸದಿದ್ದರೆ ಮತ್ತೊಮ್ಮೆ ಹೇಳಿರೆಂದು ಕೇಳಿ. ಬಾಯಿ ತಪ್ಪಿ "ಎಸ್" ಬಂದುಬಿಟ್ಟಿದ್ದರೆ ಆ ಕ್ಷಣವೇ, ಇನ್ನೊಂದು ಪ್ರಶ್ನೆ ಬರುವ ಮೊದಲೇ, ತಿದ್ದಿ ಹೇಳಿ.

ಉತ್ತರ ಚಿಕ್ಕದಾಗಿರಲಿ, ನಿಖರವಾಗಿರಲಿ: "ನೋ, ಪರ್ಮನೆಂಟ್ ರೆಸಿಡೆಂಟ್." "ನೋ, ಇಂಡಿಯನ್ ಸಿಟಿಜನ್, ಎಚ್-1ಬಿ." ಕಾರಿನಲ್ಲಿ ಬೇರೆಬೇರೆ ಸ್ಟೇಟಸ್ ಇದ್ದರೆ ಚಾಲಕರು ಎಲ್ಲರ ಪರವಾಗಿ ಒಂದೇ ಮಾತು ಹೇಳಬಾರದು, ಪ್ರತಿಯೊಬ್ಬರೂ ತಮ್ಮದನ್ನು ತಾವೇ ಹೇಳಲಿ, ಚಿಕ್ಕ ಮಕ್ಕಳದ್ದನ್ನು ತಂದೆತಾಯಿ ಹೇಳಲಿ. ಇಂಗ್ಲಿಷ್ ಬಾರದ ಅಪ್ಪ ಅಮ್ಮಂದಿರಿಗೆ "ನೋ. ಇಂಡಿಯಾ. ವಿಸಿಟರ್" ಎಂಬ ಮೂರು ಪದಗಳನ್ನು ಕಲಿಸಿ, ಪಾಸ್‌ಪೋರ್ಟನ್ನು ಮುಂದೆ ಹಿಡಿಯಲು ಹೇಳಿಕೊಡಿ. ಹಿಂದಿನ ರಾತ್ರಿ ಹೋಟೆಲಿನಲ್ಲಿ ಒಂದೆರಡು ಸಲ ಆಡಿಸಿ ನೋಡಿದರೆ ಅವರಿಗೂ ಭಯ ಕಡಿಮೆಯಾಗುತ್ತದೆ.

ಕಾಗದಗಳನ್ನು ಕೇಳಿದಾಗ ಕೊಡಿ, ಕೇಳುವ ಮೊದಲೇ ಚೀಲಕ್ಕೆ ಕೈ ಹಾಕಬೇಡಿ. ಎಲ್ಲಿಂದ ಬರುತ್ತಿದ್ದೀರಿ, ಎಲ್ಲಿ ಕೆಲಸ ಎಂಬ ಪ್ರಶ್ನೆಗಳೂ ಬರಬಹುದು. ಮೌನವಾಗಿರುವ ಹಕ್ಕು ಸಂವಿಧಾನದತ್ತವಾದದ್ದು, ಪ್ರಜೆಗಳಲ್ಲದವರಿಗೂ ಇದೆ. ಆದರೆ ನೋಂದಣಿಯ ದಾಖಲೆ ಒಯ್ಯುವ ಹೊಣೆ ನಮಗೆ ಇರುವುದರಿಂದ, ಸ್ಟೇಟಸ್ ಹೇಳಿ ಕಾಗದ ತೋರಿಸಿ ಅಷ್ಟಕ್ಕೇ ನಿಲ್ಲಿಸುವುದು ನನಗೆ ಸರಿಯೆನಿಸುವ ಮಾರ್ಗ. ಸುಳ್ಳು ಮಾತ್ರ ಯಾವ ಕಾರಣಕ್ಕೂ ಬೇಡ.

ಹಂತ 5: ಪಕ್ಕಕ್ಕೆ ಕಳುಹಿಸಿದರೆ

ಏಜೆಂಟ್ ಬದಿಯ ಜಾಗಕ್ಕೆ ಹೋಗಿ ನಿಲ್ಲಲು ಹೇಳಬಹುದು. ಇದನ್ನು ಸೆಕೆಂಡರಿ, ಅಂದರೆ ಎರಡನೇ ತಪಾಸಣೆ ಎನ್ನುತ್ತಾರೆ. ವಿಶೇಷ ಅನುಮಾನವಿಲ್ಲದೆಯೂ ಹೀಗೆ ಕಳುಹಿಸಲು ನ್ಯಾಯಾಲಯದ ಒಪ್ಪಿಗೆಯಿದೆ, ಹಾಗಾಗಿ ಅಲ್ಲಿಗೆ ಹೋದಮಾತ್ರಕ್ಕೆ ಏನೋ ಅನಾಹುತವಾಯಿತೆಂದು ಭಾವಿಸಬೇಡಿ. ಬಹಳಷ್ಟು ಸಲ ಕಂಪ್ಯೂಟರಿನಲ್ಲಿ ನಿಮ್ಮ ದಾಖಲೆ ನೋಡಿ ಬಿಟ್ಟುಬಿಡುತ್ತಾರೆ. ಕಾಯುವಾಗ "ಆ್ಯಮ್ ಐ ಫ್ರೀ ಟು ಗೋ?" ಎಂದು ವಿನಯದಿಂದ ಕೇಳಬಹುದು.

ಡಿಕ್ಕಿ ತೆರೆಯಲೇ, ಒಳಗೆ ನೋಡಲೇ ಎಂದು ಕೇಳಿದರೆ ಅದು ಒಪ್ಪಿಗೆಯನ್ನು ಕೇಳಿದಂತೆ. "ಐ ಡು ನಾಟ್ ಕನ್ಸೆಂಟ್ ಟು ಎ ಸರ್ಚ್" ಎನ್ನಲು ನಿಮಗೆ ಹಕ್ಕಿದೆ. ಅವರು ಮುಂದುವರಿದರೆ ಮೈಯೊಡ್ಡಿ ತಡೆಯಬೇಡಿ. ಒಪ್ಪಿಗೆಯಿಲ್ಲ ಎಂದು ಇನ್ನೊಮ್ಮೆ ಹೇಳಿ ಸುಮ್ಮನಿರಿ. ಆ ಮಾತು ಮುಂದೆ ನ್ಯಾಯಾಲಯದಲ್ಲಿ ಬೆಲೆಬಾಳುತ್ತದೆ. ಫೋನಿನ ವಿಷಯದಲ್ಲಿ ಒಂದು ಗೊಂದಲ ವ್ಯಾಪಕವಾಗಿದೆ: ವಿದೇಶದಿಂದ ಬಂದಿಳಿದಾಗ ವಿಮಾನ ನಿಲ್ದಾಣದಲ್ಲಿ ಫೋನ್ ಪರಿಶೀಲಿಸಲು ಅಧಿಕಾರಿಗಳಿಗಿರುವ ವಿಶೇಷ ಅಧಿಕಾರ ಒಳನಾಡಿನ ಚೆಕ್‌ಪಾಯಿಂಟಿಗೆ ಅನ್ವಯಿಸುವುದಿಲ್ಲ, ಇಲ್ಲಿ ಫೋನಿನ ಒಳಗನ್ನು ನೋಡಲು ವಾರಂಟ್ ಬೇಕು ಅಥವಾ ನಿಮ್ಮ ಒಪ್ಪಿಗೆ ಬೇಕು.

ಅರ್ಥವಾಗದ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ಗ್ರೀನ್ ಕಾರ್ಡ್ ಇರುವವರು ಐ-407 ಎಂಬ ಸಂಖ್ಯೆಯನ್ನು ಗುರುತಿಟ್ಟುಕೊಳ್ಳಿ. ಅದು ಖಾಯಂ ನಿವಾಸವನ್ನು ತಾನಾಗಿ ಬಿಟ್ಟುಕೊಡುವ ಪತ್ರ, ಅದಕ್ಕೆ ಸಹಿ ಹಾಕಲೇಬೇಕೆಂದು ಯಾರೂ ಬಲವಂತ ಮಾಡುವಂತಿಲ್ಲ. ಬಂಧನದಲ್ಲಿಟ್ಟರೆ ವಕೀಲರೊಡನೆ ಮಾತಾಡಬೇಕೆಂದು ಹೇಳಿ, ಮತ್ತು ಭಾರತದ ದೂತಾವಾಸಕ್ಕೆ ತಿಳಿಸಿರೆಂದು ಕೇಳಿ. ಟೆಕ್ಸಸ್ ಮತ್ತು ನ್ಯೂ ಮೆಕ್ಸಿಕೋ ಎರಡೂ ಹ್ಯೂಸ್ಟನ್ನಿನ ಕಾನ್ಸುಲೇಟಿನ ವ್ಯಾಪ್ತಿಗೆ ಸೇರುತ್ತವೆ.

ಹಂತ 6: ತಿಳಿಯದೆ ಗಡಿ ದಾಟದಿರಿ

ಬಿಗ್ ಬೆಂಡ್‌ನಲ್ಲಿ ರಿಯೊ ಗ್ರಾಂಡೆ ನದಿಯನ್ನು ದೋಣಿಯಲ್ಲಿ ದಾಟಿ ಬೊಕಿಯಾಸ್ ಎಂಬ ಹಳ್ಳಿಯಲ್ಲಿ ಊಟ ಮಾಡಿ ಬರುವುದು ಪ್ರವಾಸಿಗರ ರೂಢಿ. ಅದು ವಿದೇಶ ಪ್ರಯಾಣ. ಮರಳಿ ಬರುವಾಗ ಅಧಿಕೃತ ಪ್ರವೇಶ ಕೇಂದ್ರದ ಮೂಲಕವೇ, ಪಾಸ್‌ಪೋರ್ಟ್ ತೋರಿಸಿಯೇ ಬರಬೇಕು. ವೀಸಾ ಮುಗಿದು ಐ-94ರ ಬಲದ ಮೇಲೆ ಇರುವವರೂ, ಗ್ರೀನ್ ಕಾರ್ಡ್ ಅರ್ಜಿ ಬಾಕಿಯಿದ್ದು ಪ್ರಯಾಣದ ಅನುಮತಿ ಪಡೆಯದವರೂ ವಕೀಲರನ್ನು ಕೇಳದೆ ಆ ದೋಣಿ ಹತ್ತಬಾರದು. ಸ್ಯಾನ್ ಡಿಯಾಗೊ ಮತ್ತು ಎಲ್ ಪಾಸೊ ಕಡೆ "ಅಮೆರಿಕದ ಕೊನೆಯ ಎಕ್ಸಿಟ್" ಎಂದು ಬರೆದಿರುವ ಫಲಕಗಳನ್ನು ಗಮನಿಸದೆ ಮುಂದೆ ಸಾಗಿದರೆ ಗಡಿಯಾಚೆ ಹೋಗಿಬಿಡುತ್ತೀರಿ. ಜಿಪಿಎಸ್ ಹೇಳಿದ್ದನ್ನೇ ನೆಚ್ಚದೆ ಫಲಕಗಳನ್ನು ಓದಿ.

ಹಂತ 7: ಮನೆಗೆ ಬಂದ ಮೇಲೆ

ಕಾಗದಗಳನ್ನು ಎಣಿಸಿ ನೋಡಿ. ಗ್ರೀನ್ ಕಾರ್ಡ್ ಕಳೆದಿದ್ದರೆ ಐ-90, ಐ-797ಎಯ ಐ-94 ತುಂಡು ಕಳೆದಿದ್ದರೆ ಐ-102 ಅರ್ಜಿ ಹಾಕಬೇಕು. ಜಾಲತಾಣದ ಐ-94 ಆದರೆ ಮತ್ತೊಮ್ಮೆ ಮುದ್ರಿಸಿಕೊಂಡರಾಯಿತು. ಪಾಸ್‌ಪೋರ್ಟ್ ಕಳೆದರೆ ಮೊದಲು ಪೊಲೀಸರಲ್ಲಿ ದೂರು ಕೊಟ್ಟು ಅದರ ಪ್ರತಿಯೊಂದಿಗೆ ಕಾನ್ಸುಲೇಟಿಗೆ ಅರ್ಜಿ ಸಲ್ಲಿಸಿ.

ಮನೆ ಬದಲಾಯಿಸಿದ್ದರೆ 10 ದಿನಗಳೊಳಗೆ ಎಆರ್-11 ಮೂಲಕ ಹೊಸ ವಿಳಾಸ ತಿಳಿಸಬೇಕೆಂಬುದು ಇದೇ ಕಾಯಿದೆಯ ಇನ್ನೊಂದು ನಿಯಮ. ಆನ್‌ಲೈನಿನಲ್ಲಿ ಕೆಲವೇ ನಿಮಿಷಗಳ ಕೆಲಸ, ಶುಲ್ಕವಿಲ್ಲ. ಮಕ್ಕಳಿಗೆ 14 ವರ್ಷ ತುಂಬಿದ 30 ದಿನಗಳೊಳಗೆ ಮರುನೋಂದಣಿ ಮಾಡಿಸಿ ಬೆರಳಚ್ಚು ಕೊಡಿಸಬೇಕು: ಗ್ರೀನ್ ಕಾರ್ಡ್ ಇರುವ ಮಕ್ಕಳಿಗೆ ಐ-90, ಎಚ್-4ರಂಥ ವರ್ಗಗಳಲ್ಲಿರುವ ಮಕ್ಕಳಿಗೆ 2025ರಲ್ಲಿ ಬಂದ ಜಿ-325ಆರ್ ಎಂಬ ಆನ್‌ಲೈನ್ ಅರ್ಜಿ. ಈ ವಯಸ್ಸಿನ ಮಕ್ಕಳಿರುವ ಎಚ್-4 ಕುಟುಂಬಗಳಲ್ಲಿ ಅನೇಕರಿಗೆ ಇದು ಇನ್ನೂ ತಿಳಿದಿಲ್ಲ. ಮಗುವಿನ ಹುಟ್ಟುಹಬ್ಬದ ದಿನವನ್ನು ಇಂದೇ ಕ್ಯಾಲೆಂಡರಿನಲ್ಲಿ ಗುರುತು ಮಾಡಿಡಿ, ಮತ್ತು ಅರ್ಜಿ ಸಲ್ಲಿಸಿದ ಬಳಿಕ ಆನ್‌ಲೈನ್ ಖಾತೆಗೆ ಬರುವ ನೋಂದಣಿ ಪುರಾವೆಯನ್ನು ಮುದ್ರಿಸಿ ಮಗುವಿನ ಪಾಸ್‌ಪೋರ್ಟಿನ ಜೊತೆಯಲ್ಲಿಡಿ.